ಹೆಗಲ ಟವೆಲ್ ಬಿಟ್ಟು ಓಡಿದ ಹಮಾಲ

ಬ್ಯಾಡಗಿಯಿಂದ ಮೋಟೆಬೆನ್ನೂರಿಗೆ ಹೋಗುವ ರಸ್ತೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗೆಳೆಯರೊಬ್ಬರಿಂದ ಕಡ ತಂದ ಲೂನಾ ಮೇಲೆ ನಾನು ಹಿಂದೆ ಹಿಂದೆ ಬರುತ್ತಿದ್ದೇನೆ, ಮುಂದೆ ಒಬ್ಬರು ಓಡುತ್ತಿದ್ದಾರೆ. ಏರು ಬಂದಾಗ ಲೂನಾ ಉಬ್ಬಸಪಡುತ್ತದೆ, ಅವರಲ್ಲ. ತೋಳಿಲ್ಲದ ಬನಿಯನ್ನು, ಕರಿ ಚಡ್ಡಿ, ಒಂದು ಕಾಲದಲ್ಲಿ ಬೆಳ್ಳಗಿದ್ದಿರಬಹುದಾದ ಕ್ಯಾನ್ವಾಸ್ ಬೂಟು. ಎದುರಿಗೆ ಮೆಣಸಿನಕಾಯಿ ಹೇರಿಕೊಂಡು ಬಂದ ಚಕ್ಕಡಿಯ ರೈತ ಎತ್ತು ತಡೆದು ಕೇಳುತ್ತಾನೆ, "ಯಾಕ್ರೀ ಸಾಬರ, ಯಾರ್ ಬೆನ್ನ ಹತ್ಯಾರ?"

"ಯಾರೂ ಹತ್ತಿಲ್ರಿ. ನಾನ ಐತವಾರದ ಬೆನ್ನ ಹತ್ತೇನಿ," ಎನ್ನುತ್ತಾರೆ, ನಿಲ್ಲದೆ.

ಇವರ ಹೆಸರು ಸಲಾವುದ್ದೀನ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹದಿನೈದು ವರ್ಷಗಳಿಂದ ಹಮಾಲಿ ಮಾಡುತ್ತಿದ್ದಾರೆ. ಅವರು ಬೆನ್ನು ಹತ್ತಿರುವ ಐತವಾರ ಈ ತೊಂಬತ್ತೆರಡರ ಫೆಬ್ರುವರಿಯದು. ಅಂದು ರಾಣೆಬೆನ್ನೂರಿನಿಂದ ಹೊರಟು ಹಾವೇರಿ ಹಾದು ಕರ್ಜಗಿ ಮುಟ್ಟುವ ಮ್ಯಾರಥಾನ್ ಇದೆ, ನಲವತ್ತೆರಡು ಕಿಲೋಮೀಟರ್. ಹಾವೇರಿಯ ತರುಣರ ಸಂಘವೊಂದು ಹೋದ ವರ್ಷ ಇದನ್ನು ಶುರು ಮಾಡಿತು. ಹೋದ ವರ್ಷ ಸಲಾವುದ್ದೀನರು ಓಡಿದರು, ಆದರೆ ಮುಟ್ಟಲಿಲ್ಲ. ಈ ಸಲ ಮುಟ್ಟಲೇಬೇಕು. ಮುಟ್ಟದಿದ್ದರೆ ಮೆಣಸಿನ ಸುಗ್ಗಿಯಲ್ಲಿ ಅವರನ್ನು ಇನ್ನೊಮ್ಮೆ ಓಟಕ್ಕೆ ಬಿಡುವವರು ಪೇಟೆಯಲ್ಲಿ ಯಾರೂ ಇಲ್ಲ.

ಮೋಟೆಬೆನ್ನೂರಿನ ಚಹಾದಂಗಡಿಯ ಮುಂದೆ ನಿಂತು ಬೆವರು ಆರಿಸಿಕೊಳ್ಳುತ್ತಾರೆ. ಓಟ ಎಲ್ಲಿಂದ ಬಂತು ಎಂದು ಕೇಳಿದರೆ ಇದೇ ಅಂಗಡಿಯನ್ನು ತೋರಿಸುತ್ತಾರೆ. ಆರೇಳು ವರ್ಷದ ಹಿಂದಿನ ಮಾತು. ಪೇಟೆಯ ಒಂದು ಅಂಗಡಿಯ ಮೆಣಸಿನಕಾಯಿ ಚೀಲ ಇನ್ನೊಂದು ಅಂಗಡಿಯ ಲಾರಿಗೆ ಏರಿಬಿಟ್ಟಿತ್ತು. ಏರಿಸಿದವರು ಇವರೇ. ಲಾರಿ ಹೊರಟ ಮೇಲೆ ಜ್ಞಾನೋದಯವಾಗಿ ಹಿಂದಿನಿಂದ ಓಡತೊಡಗಿದರು. "ಡ್ರೈವರ್ ಚಹಾ ಕುಡಿಯಾಕ ಇಲ್ಲಿ ನಿಲ್ಲಿಸಿದ್ದ. ನಾ ಬಂದು ಚೀಲ ಇಳಿಸ್ರಿ ಅಂದೆ. ಅವಾ ನನ್ನ ಮಾರಿ ನೋಡಿ, 'ಎದರಾಗ ಬಂದಿ?' ಅಂದ. ಕಾಲಾಗ ಬಂದೇನಿ ಅಂದೆ. ಖರೇ ಹೇಳ್ತೇನ್ರಿ, ಅವಾ ಕೇಳೂಮಟ ನಾ ಎಷ್ಟು ದೂರ ಬಂದೇನಿ ಅಂತ ನನಗೇ ಗೊತ್ತಿರಲಿಲ್ಲ."

ಅದರಲ್ಲಿ ಆಶ್ಚರ್ಯವೇನೂ ಇಲ್ಲ ಎನ್ನುವುದು ಪೇಟೆಗೆ ಹೋಗಿ ನೋಡಿದರೆ ತಿಳಿಯುತ್ತದೆ. ಅಲ್ಲಿ ಹಮಾಲರು ಚೀಲ ಹೊತ್ತು ನಡೆಯುವುದಿಲ್ಲ. ಬೆನ್ನು ಬಗ್ಗಿಸಿ, ಸಣ್ಣ ಹೆಜ್ಜೆಯಲ್ಲಿ, ತುಸು ಮುಂದಕ್ಕೆ ವಾಲಿ ಓಡುತ್ತಾರೆ. ಸುಗ್ಗಿಯಲ್ಲಿ ಒಬ್ಬೊಬ್ಬರ ಬೆನ್ನಿಗೆ ದಿನಕ್ಕೆ ನೂರರ ಮೇಲೆ ಚೀಲ ಬೀಳುತ್ತವೆ. "ಚೀಲ ಬೆನ್ನ ಮ್ಯಾಲ ಇದ್ದಾಗ ನಿಂತ್ರ ಭಾರ, ನಡದ್ರೂ ಭಾರ. ಓಡಿದ್ರ ಹಗರ," ಎನ್ನುತ್ತಾರೆ ಸಲಾವುದ್ದೀನರು. "ಚೀಲ ಇಲ್ಲದ ಓಡೂದಂದ್ರ ನನಗ ಸೂಟಿ ಇದ್ದಂಗ."

ಈ ರಜೆಯ ಸಾಮಾನು ನೋಡಬೇಕು. ಬೂಟು ರಾಣೆಬೆನ್ನೂರಿನ ಸಂತೆಯದು. ಅಡಿ ಸವೆದಾಗಲೆಲ್ಲ ಮೋಚಿ ಡಾಕಪ್ಪ ಅದಕ್ಕೆ ಹಳೆಯ ರಬ್ಬರು ಹಚ್ಚುತ್ತಾನೆ. ಮೊದಲು ಲಾರಿ ಟಯರಿನ ತುಂಡು ಹಚ್ಚಿದ್ದನಂತೆ. ಅದು ಎಂದೂ ಸವೆಯುವುದಿಲ್ಲ ಎಂದು ಹೇಳಿದ್ದು ನಿಜವೇ, ಆದರೆ ಕಾಲು ಸವೆಯತೊಡಗಿತು. ಈಗ ಸ್ಕೂಟರಿನ ಟ್ಯೂಬು ಹಚ್ಚಿದ್ದಾನೆ. ಕರಿ ಚಡ್ಡಿ ಹಳೆಯ ಛತ್ರಿಯ ಬಟ್ಟೆಯದು, ಹೊಲಿದವರು ಹೆಂಡತಿ ಜಾಹೀದಾ. ಹಗುರ, ಬೆವರು ಹಿಡಿಯುವುದಿಲ್ಲ, ಲಗೂ ಆರುತ್ತದೆ. ಮಳೆ ಬಂದರೆ ಅದನ್ನೇ ಬಿಚ್ಚಿ ತಲೆಗೆ ಹಿಡೀತೀಯೇನು ಎಂದು ಜತೆಯ ಹಮಾಲರು ಕಾಡಿದ್ದಾರೆ. ಊಟ ಎಲ್ಲರ ಮನೆಯದೇ, ಜೋಳದ ರೊಟ್ಟಿ, ಕಾಳುಪಲ್ಯ, ಒಂದು ಹಿಡಿ ಶೇಂಗಾ, ಬೆಲ್ಲ. ಪೇಟೆ ಜೋರಾಗಿರುವ ಸೋಮವಾರ, ಗುರುವಾರ ಓಟವಿಲ್ಲ. ಉಳಿದ ದಿನ ಮೋಟೆಬೆನ್ನೂರಿಗೆ ಹೋಗಿ ಬರುತ್ತಾರೆ, ವಾರಕ್ಕೊಮ್ಮೆ ಹಾವೇರಿತನಕ. "ಹೋಗೂದು ಕಾಲಾಗ, ಬರೂದು ಲಾರ್ಯಾಗ," ಎಂದು ನಗುತ್ತಾರೆ.

ಇಷ್ಟೆಲ್ಲ ಇದ್ದೂ ಹೋದ ವರ್ಷ ಯಾಕೆ ಮುಟ್ಟಲಿಲ್ಲ? ಕಾಲು ಸೋತದ್ದರಿಂದಲ್ಲ. ಟವೆಲ್ಲಿನಿಂದ.

ಹಮಾಲನ ಹೆಗಲ ಮೇಲೆ ಟವೆಲ್ ಇರಲೇಬೇಕು. ತಲೆಗೆ ಸುತ್ತಲು, ಬೆನ್ನಿಗೆ ಹಾಸಲು, ಬೆವರು ಒರೆಸಲು, ಮರದ ಕೆಳಗೆ ಹಾಸಿ ಮಲಗಲು, ಎಲ್ಲಕ್ಕೂ ಅದೊಂದೇ. ಓಟದ ದಿನವೂ ಅದನ್ನು ಕೊರಳಿಗೆ ಹಾಕಿಕೊಂಡೇ ಹೋದರು. "ಅದನ್ನ ಬಿಟ್ಟು ನಾಲ್ಕು ಮಂದ್ಯಾಗ ನಿಂತ್ರ ಮೈಮ್ಯಾಲ ಅರಿವಿ ಇಲ್ಲದಂಗ ಅನಸತಿತ್ರಿ." ಜಾಹೀದಾ ಅದನ್ನು ಸಬಕಾರ ಹಚ್ಚಿ ಮೂರು ಸಲ ಒಗೆದು ಕೊಟ್ಟಿದ್ದರು. ಆದರೆ ಜಾಹೀದಾರ ಕೆಲಸವೂ ಮೆಣಸಿನಕಾಯಿಯದೇ, ತೊಟ್ಟು ಬಿಡಿಸುವುದು. ಒಗೆದ ಕೈಯಲ್ಲೂ ಖಾರ, ಆರ ಹಾಕಿದ ಹಗ್ಗದಲ್ಲೂ ಖಾರ. ಬಿಸಿಲೇರಿದ ಮೇಲೆ ಹಾವೇರಿ ಇನ್ನೇನು ಬಂತು ಎನ್ನುವಾಗ ಹಣೆಯ ಬೆವರು ಕಣ್ಣಿಗಿಳಿಯಿತು. ಸಲಾವುದ್ದೀನರು ಟವೆಲ್ಲಿನ ತುದಿ ಹಿಡಿದು ಮುಖವನ್ನು ಗಟ್ಟಿಯಾಗಿ ಒರೆಸಿಕೊಂಡರು.

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಮಾತಿಗೆ ಸಲಾವುದ್ದೀನರ ಕಣ್ಣುಗಳ ಒಪ್ಪಿಗೆ ಇಲ್ಲ. ಎರಡೂ ಕಣ್ಣು ಮುಚ್ಚಿಹೋದವು. ಆದರೂ ಕೈ ಮುಂದೆ ಚಾಚಿಕೊಂಡು ಓಡಿದರು, ಹೆದ್ದಾರಿಯ ಬದಿಯ ಗಟಾರಕ್ಕೆ ಇಳಿದರು, ಎದ್ದು ಮತ್ತೆ ಓಡಿದರು, ಈ ಸಲ ಬಂದ ದಾರಿಯಲ್ಲೇ ತಿರುಗಿ ರಾಣೆಬೆನ್ನೂರಿನ ಕಡೆಗೆ. ಸಂಘದ ಗಂಗಾಧರ ಮಾಸ್ತರು ಸೈಕಲ್ಲಿನಲ್ಲಿ ಬೆನ್ನಟ್ಟಿ ಹಿಡಿದು ಕೂರಿಸಬೇಕಾಯಿತು. ಇದನ್ನು ಸಲಾವುದ್ದೀನರೇ ಹೊಟ್ಟೆ ಹಿಡಿದು ನಗುತ್ತ ಹೇಳುತ್ತಾರೆ. ಜಾಹೀದಾ ಮಾತ್ರ ನಗುವುದಿಲ್ಲ. "ನನ್ನ ಕೈಯಾಗಿಂದ ಹೋದ ಖಾರ ಅದು. ಅವತ್ತ ರಾತ್ರಿ ನಾ ಉಣ್ಣಲಿಲ್ರಿ," ಎನ್ನುತ್ತಾರೆ.

ಕಣ್ಣುರಿ ಎರಡು ದಿನಕ್ಕೆ ಹೋಯಿತು. ಪೇಟೆಯ ಲೆಕ್ಕ ಹೋಗಲಿಲ್ಲ.

ಸಲಾವುದ್ದೀನರ ಟೋಳಿಯಲ್ಲಿ, ಎಂದರೆ ಜತೆಗೂಡಿ ಚೀಲ ಹೊರುವ ಗುಂಪಿನಲ್ಲಿ, ಹನ್ನೆರಡು ಮಂದಿ. ಅದಕ್ಕೊಂದು ಹಳೆಯ ಕಟ್ಟಳೆ ಇದೆ. ಮದುವೆಗೋ ಸತ್ತವರ ಮಣ್ಣಿಗೋ ಹೋದವನ ಚೀಲವನ್ನು ಉಳಿದವರು ಮಾತಾಡದೆ ಹೊರುತ್ತಾರೆ. ಬೇರೆ ಯಾವ ಕಾರಣಕ್ಕೆ ತಪ್ಪಿಸಿದರೂ ಬಂದ ಮೇಲೆ ಅವನು ಅಷ್ಟೂ ಚೀಲವನ್ನು ತೀರಿಸಬೇಕು. ಸೋಮವಾರದ ಪೇಟೆಗೆ ಐತವಾರವೇ ಲಾರಿ, ಚಕ್ಕಡಿ ಬಂದು ನಿಲ್ಲುತ್ತವೆ. ಅಂಥ ಐತವಾರ ಓಡಲು ಹೋದವರು, ಅದನ್ನೂ ಮುಗಿಸದೆ ಬಂದವರು ಸಲಾವುದ್ದೀನ. ಚೀಲ ತೀರಿಸುತ್ತ ತೀರಿಸುತ್ತ ಯುಗಾದಿ ಬಂತು.

ಈ ವರ್ಷ ಓಟದ ದಿನ ಗೊತ್ತಾದಾಗ ಟೋಳಿ ಹಸಿ ಕಡಲೆಯ ಗಿಡ ಸುಡುವ ಬೆಂಕಿಯ ಸುತ್ತ ಕೂತು ನ್ಯಾಯ ಮಾಡಿತು. ಓಟ ಮದುವೆಯೋ, ಮಣ್ಣೋ? ಹೋದ ವರ್ಷ ಬಂದ ಮುಖ ನೋಡಿದರೆ ಮಣ್ಣೇ ಎಂದರು ಕೆಲವರು. ಕೊನೆಗೆ ಮುಕಾದಮ ಹಾಲೇಶಪ್ಪನವರು ಬೀಡಿ ಆರಿಸಿ ತೀರ್ಪು ಕೊಟ್ಟರು. ಅರವತ್ತು ದಾಟಿದ ಈ ಹಿರಿಯರ ಮಾತು ಟೋಳಿಗೆ ಕಡೆಯ ಮಾತು. ಅದನ್ನು ನನ್ನ ಮುಂದೆ ಅವರು ಮತ್ತೊಮ್ಮೆ ಹೇಳಿ ತೋರಿಸುತ್ತಾರೆ. "ಮದುವಿ ಅಂತ ಹಿಡೀರಿ ಅಂದೆ. ಆದ್ರ ತಮ್ಮಾ, ಮದುವಿಗೆ ಹೋದಾವ ಅಕ್ಕಿಕಾಳು ಬೀಳೂಮಟ ಇರಬೇಕು. ನಡಬರಕ ಎದ್ದು ಬಂದಿ ಅಂದ್ರ, ಇನ್ನ ಮ್ಯಾಲೆ ಸುಗ್ಗ್ಯಾಗ ಓಟದ ಹೆಸರು ತಗೀಬ್ಯಾಡ ಅಂದೆ."

"ನಮ್ಮ ಮದುವ್ಯಾಗ ಅಕ್ಕಿಕಾಳು ಹಾಕೂದಿಲ್ಲ ಅಣ್ಣಾರ, ಒಣ ಖರ್ಜೂರದ ಉತ್ತತ್ತಿ ಹಂಚತಾರ ಅಂದೆ ನಾ," ಎನ್ನುತ್ತಾರೆ ಸಲಾವುದ್ದೀನರು.

"ಉತ್ತತ್ತೀನ ತಗೊಂಡು ಬಾ ಹಂಗಾದ್ರ, ಅಂದೆ. ಇಷ್ಟ ಆತು ನ್ಯಾಯ," ಎಂದು ಹಾಲೇಶಪ್ಪ ಹೊಸ ಬೀಡಿ ಹಚ್ಚುತ್ತಾರೆ.

ಇನ್ನು ಖಾರದ ಕಥೆ. ಬ್ಯಾಡಗಿಯಲ್ಲಿ ಮೆಣಸಿನ ಘಾಟು ತಾಗದ ಹಗ್ಗ ಹುಡುಕುವುದು ಹುಡುಗಾಟವಲ್ಲ. ಜಾಹೀದಾ ಒಂದು ದಾರಿ ಕಂಡುಕೊಂಡಿದ್ದಾರೆ. ಓಟದ ಬಟ್ಟೆ ಹೊಸದಾಗಿ ಹೊಲಿಸಿದ್ದು ಕರ್ಜಗಿಯಲ್ಲಿ, ತಮ್ಮ ತವರಿನಲ್ಲಿ. ಒಗೆಯುವುದು, ಮಡಚಿಡುವುದು ಎಲ್ಲ ತಾಯಿ ಸೈದಾಬಿಯವರ ಕೈಯಲ್ಲಿ. ಮೆಣಸಿನಕಾಯಿ ಮುಟ್ಟಿದ ಯಾರೂ ಅದನ್ನು ಮುಟ್ಟುವಂತಿಲ್ಲ, ಮಗಳೂ ಸಹ. ಎರಡೂ ಮಣಿಕಟ್ಟಿಗೆ ಕಟ್ಟಿಕೊಳ್ಳಲು ಬಿಳಿ ಬಟ್ಟೆಯ ಪಟ್ಟಿಯನ್ನೂ ಸೈದಾಬಿಯವರೇ ಹೊಲಿದಿದ್ದಾರೆ. ಹಮಾಲನ ಅಂಗೈಯನ್ನೂ ನಂಬುವಂತಿಲ್ಲವಲ್ಲ, ಬೆವರು ಒರೆಸುವುದಿದ್ದರೆ ಅದರಲ್ಲೇ ಒರೆಸಬೇಕು. ಅಳಿಯನ ಓಟಕ್ಕೆ ಅತ್ತೆ ಇಷ್ಟು ಕಷ್ಟಪಟ್ಟದ್ದನ್ನು ನಾನಂತೂ ಇನ್ನೆಲ್ಲೂ ಕಂಡಿಲ್ಲ.

ಐತವಾರ ಬೆಳಗ್ಗೆ ರಾಣೆಬೆನ್ನೂರು. ಮೂವತ್ತು ಜನರಷ್ಟು ಸೇರಿದ್ದಾರೆ. ಕಾಲೇಜು ಹುಡುಗರು, ಇಬ್ಬರು ಪೊಲೀಸರು, ಮೇಡ್ಲೇರಿಯಿಂದ ಬಂದ ಒಬ್ಬ ರೈತ. ಸೈದಾಬಿ ಮೊದಲ ಬಸ್ಸಿಗೆ ಬಂದು ಗಂಟು ಬಿಚ್ಚುತ್ತಾರೆ. ಸಲಾವುದ್ದೀನರು ಬಟ್ಟೆ ತೊಟ್ಟು, ಮಣಿಕಟ್ಟಿನ ಪಟ್ಟಿಯನ್ನು ಅತ್ತೆಯಿಂದಲೇ ಕಟ್ಟಿಸಿಕೊಂಡು, ಹೆಗಲ ಟವೆಲ್ ತೆಗೆದು ಅವರ ಕೈಗೆ ಕೊಡುತ್ತಾರೆ. ಕೊಟ್ಟ ಮೇಲೂ ಕೈ ಎರಡು ಸಲ ಬರಿ ಹೆಗಲನ್ನು ಸವರಿಕೊಳ್ಳುತ್ತದೆ. ಸೀಟಿ ಆಗುತ್ತದೆ. ಹುಡುಗರು ಹೌಹಾರಿದ ಕುದುರೆಗಳ ಹಾಗೆ ಹಾರುತ್ತಾರೆ. ಇವರು ಬೆನ್ನ ಮೇಲೆ ಕಾಣದ ಚೀಲವೊಂದು ಇದೆಯೇನೋ ಎಂಬಂತೆ ತುಸು ಮುಂದಕ್ಕೆ ವಾಲಿ, ಸಣ್ಣ ಹೆಜ್ಜೆಯಲ್ಲಿ ಹೊರಡುತ್ತಾರೆ. ಮೊದಲ ಹತ್ತು ಕಿಲೋಮೀಟರ್ ಕಡೆಯವರು ಅವರೇ.

ಮೋಟೆಬೆನ್ನೂರು ಬಂತು. ಎಡಕ್ಕೆ ಹೊರಳಿದರೆ ಬ್ಯಾಡಗಿ, ಮನೆ, ನೆರಳು. ಬಸ್ಸಿಗೆ ಕಾಯುತ್ತಿದ್ದ ಪೇಟೆಯ ಮಂದಿ ಗುರುತು ಹಿಡಿದು ಕೂಗು ಹಾಕುತ್ತಾರೆ. ಅವರಲ್ಲಿ ಇನ್ನೊಂದು ಟೋಳಿಯ ಹಿರಿಯ ಹಮಾಲ ನಬಿಸಾಬರೂ ಇದ್ದಾರೆ. ಬೆವರಿನಲ್ಲಿ ತೊಯ್ದ ಸಲಾವುದ್ದೀನರನ್ನು ಕಂಡು ಅವರು ಗುಂಪು ಸೀಳಿ ಮುಂದೆ ಬರುತ್ತಾರೆ. ತಮ್ಮ ಹೆಗಲ ಟವೆಲ್ ಎಳೆದು ಹಿಡಿದು ರಸ್ತೆಗೇ ಇಳಿಯುತ್ತಾರೆ. "ತಗೋ ಬೇಟಾ, ಮಾರಿ ಒರಸ್ಕೊ!"

ನಾನು ಗಕ್ಕನೆ ಲೂನಾದ ಬ್ರೇಕು ಹಿಡಿದೆ. ಪ್ರೀತಿಯಿಂದ ಚಾಚಿದ ಟವೆಲ್, ಅದರ ಪ್ರತಿ ಎಳೆಯಲ್ಲೂ ಈ ಸುಗ್ಗಿಯ ಖಾರ. ಸಲಾವುದ್ದೀನರು ಓಡುತ್ತಲೇ ಎರಡೂ ಕೈ ಮುಗಿಯುತ್ತಾರೆ. "ಚಚ್ಚಾ, ನಿಮ್ಮ ಕಾಲ್ ಬೀಳತೇನಿ, ಅದನ್ನ ದೂರ ಹಿಡೀರಿ!" ನಬಿಸಾಬರಿಗೆ ಸಿಟ್ಟು. ಈ ಹುಡುಗನಿಗೆ ಓಡಿ ಓಡಿ ಸೊಕ್ಕು ಬಂದಿದೆ ಎಂದು ನನ್ನ ಮುಂದೆಯೇ ಬೈದರು. ಸಮಾಧಾನ ಹೇಳಲು ನನಗೆ ಪುರುಸೊತ್ತಿರಲಿಲ್ಲ.

ಹಾವೇರಿಯ ಹತ್ತಿರ ಹೋದ ವರ್ಷದ ಗಟಾರ ಬರುತ್ತದೆ. ಅಲ್ಲಿ ಅವರ ಹೆಜ್ಜೆ ತಡವರಿಸಿದ್ದನ್ನು ನಾನು ನೋಡಿದೆ. ಬೆವರು ಕಣ್ಣಿಗಿಳಿದಿದೆ. ಮಣಿಕಟ್ಟಿನ ಪಟ್ಟಿ ಎತ್ತುತ್ತಾರೆ, ಮುಖದ ಹತ್ತಿರ ಒಯ್ದು ಅರೆಗಳಿಗೆ ಹೆದರುತ್ತಾರೆ, ಒರೆಸಿಕೊಳ್ಳುತ್ತಾರೆ. ಏನೂ ಆಗಲಿಲ್ಲ. ಬರೀ ಉಪ್ಪು. ನನ್ನ ಕಡೆ ತಿರುಗಿ ಹಲ್ಲು ಬಿಟ್ಟು ನಕ್ಕರು. ಆ ನಗೆ ಕಂಡು ನನಗೆ ಆದಷ್ಟು ಖುಷಿ ನನ್ನದೇ ಬರವಣಿಗೆ ಅಚ್ಚಾದಾಗಲೂ ಆಗಿಲ್ಲ.

ಮುಂದೆ ಹಾರಿದ್ದ ಹುಡುಗರಲ್ಲಿ ಅರ್ಧಕ್ಕರ್ಧ ಮಂದಿ ಈಗ ಮರದ ನೆರಳಿನಲ್ಲಿ ಕಾಲು ಒತ್ತಿಕೊಳ್ಳುತ್ತ ಕೂತಿದ್ದಾರೆ. ಸಲಾವುದ್ದೀನರು ಅವರನ್ನೆಲ್ಲ ದಾಟಿ ಕರ್ಜಗಿ ಮುಟ್ಟಿದಾಗ ಒಂಬತ್ತನೆಯವರು. ಬಹುಮಾನ ಮೂವರಿಗಷ್ಟೇ. ಗಂಗಾಧರ ಮಾಸ್ತರು ಬಂದು ಬೆನ್ನು ತಟ್ಟುತ್ತಾರೆ. ಜಾಹೀದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಾರೆ, ಆದರೆ ಹತ್ತಿರ ಬರುವುದಿಲ್ಲ. ಇವತ್ತೂ ಕೈಯಲ್ಲಿ ಖಾರ ಇದೆಯಂತೆ. "ಓಟ ಮುಗೀತಲ್ಲೇ, ಇನ್ನಾರ ಮುಟ್ಟ," ಎಂದು ಬಸ್ಸಿನಲ್ಲಿ ಮೊದಲೇ ಬಂದು ಮುಟ್ಟಿದ್ದ ಸೈದಾಬಿ ಮಗಳನ್ನು ದೂಡುತ್ತಾರೆ.

ಮರುದಿನ ಸೋಮವಾರ, ನಸುಕು. ಪೇಟೆಯಲ್ಲಿ ಚೀಲಗಳ ಕೆಂಪು ಸಾಲು, ಒಂದೇ ಸಮ ಸೀನು. ಸಲಾವುದ್ದೀನರು ಎಂದಿನ ಹೊತ್ತಿಗೆ ಬರುತ್ತಾರೆ, ಕಾಲು ಮಾತ್ರ ಎಂದಿನವಲ್ಲ. ಹೆಗಲ ಮೇಲೆ ಟವೆಲ್ ಇದೆ. ಅದರ ತುದಿಯ ಗಂಟು ಬಿಚ್ಚಿ ಟೋಳಿಯ ಒಬ್ಬೊಬ್ಬರ ಅಂಗೈಗೂ ಒಂದೊಂದು ಉತ್ತತ್ತಿ ಇಡುತ್ತಾರೆ. ಸಿಟ್ಟಿನ ನಬಿಸಾಬರಿಗೂ ಒಂದು ಮುಟ್ಟುತ್ತದೆ. ಹಾಲೇಶಪ್ಪನವರು ತಮ್ಮ ಪಾಲಿನದನ್ನು ಬಾಯಿಗೆ ಹಾಕಿಕೊಂಡು ನಿಧಾನ ಜಗಿಯುತ್ತಾರೆ, ಬೀಜ ಉಗಿಯುತ್ತಾರೆ.

"ಆತು, ಮದುವಿ ಖರೇ. ನಿನ್ನಿ ಚೀಲದ ಲೆಕ್ಕ ಮುಗೀತು. ಇವತ್ತ ಅಲ್ಲೆ ಕಟ್ಟೀ ಮ್ಯಾಲ ಕುಂದರ ಹೋಗು. ಮದುಮಗ ಚೀಲ ಹೊರಬಾರದು."

ಸಲಾವುದ್ದೀನರು ಟವೆಲ್ಲನ್ನು ತಲೆಗೆ ಸುತ್ತಿ, ಸಾಲಿನ ಮುಂದೆ ಹೋಗಿ ಬೆನ್ನು ಬಗ್ಗಿಸುತ್ತಾರೆ.

"ಮದುವಿ ನಿನ್ನಿ ಮುಗೀತ್ರಿ ಅಣ್ಣಾರ. ಹಾಕ್ರಿ ಚೀಲ."