ಗುಂಡೇಟು ತಿನ್ನಲು ಕೂತ ಹವಾಲ್ದಾರರು

ಹವಾಲ್ದಾರ್ ಓಂಕಾರಪ್ಪನವರು ಕೂತರೆ ಕಾಗೆಗಳು ಅವರನ್ನು ಮನುಷ್ಯರ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಅಜ್ಜಂಪುರದ ಅವರ ಮನೆಯಂಗಳದಲ್ಲಿ ಕಡಲೆಕಾಯಿ ಒಣಹಾಕಿ ಕಾಯಲು ಕೂರಿಸಿದರೆ, ಅವರ ಪಾದದ ಮೇಲೇ ನಡೆದುಕೊಂಡು ಹೋಗಿ ತಿನ್ನುತ್ತಿದ್ದವು. "ನಿಮ್ಮನ್ನ ಕೂರ್ಸೋದೂ ಒಂದೇ, ಒರಳುಕಲ್ಲು ತಂದಿಡೋದೂ ಒಂದೇ" ಎಂದು ಅವರ ಹೆಂಡತಿ ಗಿರಿಜಮ್ಮ ಗೊಣಗುತ್ತಿದ್ದರು. ಹವಾಲ್ದಾರರು ಕಣ್ಣಲ್ಲೇ ನಗುತ್ತಿದ್ದರು.

ಸೈನ್ಯದಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ದೂರದ ಗುರಿಯ ಬಂದೂಕು ಹಿಡಿದವರು. ಎಲ್ಲಿ, ಯಾರ ಮೇಲೆ ಎಂದು ಅವರು ಹೇಳಿದವರಲ್ಲ, ನಾನು ಕೇಳಿದವಳೂ ಅಲ್ಲ. ನಾನು, ಗೆಳತಿ ನಯನಾ ಅವರ ಮಹಡಿಯ ಕೋಣೆ ಬಾಡಿಗೆ ಹಿಡಿದು ಕಂಪ್ಯೂಟರ್ ಗೇಮ್ ಕಟ್ಟುತ್ತಿದ್ದೆವು. ನಲವತ್ತು ಜನ ತಮ್ಮ ತಮ್ಮ ಮನೆಯಿಂದಲೇ ಒಂದು ಕಾಡಿಗೆ ಇಳಿದು, ನೀರು, ಸೌದೆ, ಊಟ ಹುಡುಕಿಕೊಂಡು, ಒಬ್ಬರಿಂದೊಬ್ಬರು ತಪ್ಪಿಸಿಕೊಂಡು ಬದುಕಿ ಉಳಿಯುವ ಆಟ. ಅದರೊಳಗಿನ ದೂರದ ಗುರಿಯ ಸ್ನೈಪರ್ ಬಂದೂಕು ನನ್ನ ಕೈಕೆಲಸ. ಗಾಳಿಗೆ ಗುಂಡು ವಾಲುತ್ತಿತ್ತು, ದೂರ ಹೋದಂತೆ ಇಳಿಯುತ್ತಿತ್ತು, ತಗುಲಿದರೆ ಒಂದೇ ಏಟಿಗೆ ಪ್ರಾಣ ಹೋಗುತ್ತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು. ನನಗೆ ಆ ಬಂದೂಕು ಮುದ್ದು.

ಆದರೆ ಪ್ರತಿ ಭಾನುವಾರ ಆಡಿಸಿ ನೋಡುವಾಗ, ಆ ಗುಂಡಿಗೆ ಸತ್ತವರು ಮುಂದಿನ ವಾರ ಬರುತ್ತಿರಲಿಲ್ಲ. ನಲವತ್ತು ಜನ ಹದಿನಾಲ್ಕಾದರು. "ಅದರ ಹಲ್ಲು ಕೀಳು. ಇಲ್ದಿದ್ರೆ ನಮ್ಮ ಎರಡು ವರ್ಷದ ಕೆಲ್ಸ ಹೊಳೇಲಿ ಹುಣಸೆಹಣ್ಣು ತೊಳೆದಂಗೆ" ಎಂದಳು ನಯನಾ. "ನಿಜ ಇರೋದೇ ಹಂಗೆ ಕಣೇ" ಎಂದೆ ನಾನು. ನ್ಯಾಯ ಹವಾಲ್ದಾರರ ಹತ್ತಿರ ಹೋಯಿತು. ನಾನು ಅವರನ್ನು ಮಾವ ಎನ್ನುತ್ತಿದ್ದೆ. ತೀರ್ಪು ನನ್ನ ಕಡೆಗೇ ಎಂದು ಒಳಗೊಳಗೇ ಬೀಗುತ್ತಿದ್ದೆ.

ಅವರು ಆಟ ನೋಡಿ, ನನ್ನನ್ನು ತಾರಸಿಗೆ ಕರೆದೊಯ್ದು, ಕೈಗೊಂದು ಬಿದಿರ ಕೋಲು ಕೊಟ್ಟು ಬೋರಲು ಮಲಗಿಸಿದರು. ರೈಲ್ವೆ ಸ್ಟೇಷನ್ ಕಡೆಯ ನೀರಿನ ಟ್ಯಾಂಕೇ ಗುರಿ. ತಾವೂ ಪಕ್ಕದಲ್ಲಿ ಮಲಗಿದರು. ಹತ್ತು ನಿಮಿಷಕ್ಕೆ ನನ್ನ ಮೊಣಕೈ ಉರಿಯಿತು, ಬಾಯಿ ಒಣಗಿತು, ಒಂದೊಂದು ಉಸಿರಿಗೂ ಕೋಲಿನ ತುದಿ ಟ್ಯಾಂಕನ್ನೇ ದಾಟಿ ಕುಣಿಯಿತು. ಅರವತ್ತು ದಾಟಿದ ಆ ಮನುಷ್ಯ ನೆಲಕ್ಕೆ ಬೆಸುಗೆ ಹಾಕಿದಂತೆ ಮಲಗಿದ್ದರು.

"ಗುಂಡಿನ ನಿಜ ಎಲ್ಲಾ ಹಾಕಿದೀಯ ಕಣವ್ವ. ಹೊಡಿಯೋನ ನಿಜ ಎಲ್ಲೈತೆ? ಅವ್ನಿಗೆ ಹಸಿವಿಲ್ವಾ, ಉಸಿರಿಲ್ವಾ?" ಎಂದರು.

ಅವನ್ನೂ ಹಾಕಿದೆ. ಹಸಿದವನ ಕೈ ನಡುಗಿತು, ಓಡಿ ಬಂದವನ ಉಸಿರು ಗುರಿ ಕೆಡಿಸಿತು. ಬಂದೂಕು ಹಿಡಿದವರು ಗೊಣಗಿದರು. ಸತ್ತವರು ಮಾತ್ರ ಆಟ ಬಿಟ್ಟು ಹೋಗುತ್ತಲೇ ಇದ್ದರು.

ಒಂದು ಭಾನುವಾರ ಅವರೇ ಮಹಡಿ ಹತ್ತಿ ಬಂದು, "ಇವತ್ತು ನನ್ನ ಹೊಡೀಲಿ" ಎಂದು ಕೂತರು. ಆಟದ ಬಂದೂಕು ಕೊಟ್ಟರೆ ಬೇಡವೆಂದರು. ಸೌದೆ ಆರಿಸುವಾಗ ಸತ್ತರು. ನೀರು ಕುಡಿಯಲು ಬಗ್ಗಿದಾಗ ಸತ್ತರು. ನಾಲ್ಕನೇ ಸಲ ಸತ್ತಾಗ ಮೌಸ್‌ನಿಂದ ಕೈ ತೆಗೆದರು.

"ನಿಜದಲ್ಲೂ ಹಿಂಗೇ ಅಲ್ವಾ ಮಾವ?" ಎಂದೆ, ಇನ್ನೂ ಹಟ ಬಿಡದೆ.

"ಹಿಂಗೇ ಕಣವ್ವ. ಎಲ್ಲಿಂದ ಬಂತು ಅಂತ್ಲೂ ಗೊತ್ತಾಗಲ್ಲ. ಆದ್ರೆ ಅಲ್ಲಿ ಸತ್ತೋನು ಇನ್ನೊಂದಾಟಕ್ಕೆ ಬರಲ್ಲ. ನಿಮ್ಮಲ್ಲಿ ಬರ್ಬೇಕಲ್ಲ? ಓಡಕ್ಕೆ ಒಂದು ದಾರಿ ಬಿಡು." ಮತ್ತೆ ಹೇಳಿದರು: "ಬಿಡೋದು ನನ್ನ ಕೈಲಿರ್ಲಿಲ್ಲ. ನಿನ್ನ ಕೈಲೈತೆ."

ಇಂಥ ಮಾತನ್ನು ಇಷ್ಟು ಮೆತ್ತಗೆ ಆಡಿದವರನ್ನು ನಾನು ಬೇರೆ ಕಂಡಿಲ್ಲ. ನನ್ನ ಹಟ ಅಲ್ಲಿಗೆ ಇಳಿಯಿತು.

ಗುರಿ ಹಿಡಿದೊಡನೆ ಬಂದೂಕಿನ ದುರ್ಬೀನು ಬಿಸಿಲಿಗೆ ಮಿಂಚುವಂತೆ ಮಾಡಿದೆ. ಕಂಡವನಿಗೆ ಓಡಲು ಎರಡು ಉಸಿರಿನಷ್ಟು ಹೊತ್ತು ಸಿಗುತ್ತಿತ್ತು. ಮುಂದಿನ ಭಾನುವಾರ ಹವಾಲ್ದಾರರು ಗುಡ್ಡದ ಮೇಲೆ ಆ ಮಿಂಚು ಕಂಡು ಬಂಡೆಯ ಹಿಂದಕ್ಕೆ ಹಾರಿದರು. ಗುಂಡು ಬಂಡೆಗೆ ಬಡಿಯಿತು. "ಬದುಕ್ದೆ ಕಣವ್ವಾ!" ಎಂದು ಅವರು ಕೂಗಿದ್ದು ಕೇಳಿ ಗಿರಿಜಮ್ಮ ಗಾಬರಿಯಿಂದ ಮೆಟ್ಟಿಲು ಹತ್ತಿ ಬಂದರು.

ಹೊಡೆದವನು ಕಡೂರಿನವನು. "ತಪ್ಪಿದ್ದಕ್ಕೆ ಬೇಜಾರಾಯ್ತಾ ಕೇಳು" ಎಂದರು ಹವಾಲ್ದಾರರು. ಬರೆದು ಕೇಳಿದೆ. "ಇಲ್ಲ ಕಣ್ರೀ, ಸಖತ್ತಾಗಿ ತಪ್ಪಿಸ್ಕೊಂಡ್ರು. ಮುಂದಿನ ವಾರ ಬತ್ತಾರಾ?" ಎಂದು ಉತ್ತರ ಬಂತು. ಹವಾಲ್ದಾರರು ಅದನ್ನು ಎರಡು ಸಲ ಓದಿಕೊಂಡು, "ಬತ್ತೀನಿ ಅಂತ ಬರಿ" ಎಂದರು.

ಆ ಗುರುವಾರ ಬೆಳಿಗ್ಗೆ ಎದೆನೋವು ಎಂದ ಹವಾಲ್ದಾರರು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ತಿಂಗಳಾದ ಮೇಲೆ ಮತ್ತೆ ಆಟ ತೆರೆದೆವು. ಬಿಟ್ಟು ಹೋದವರಲ್ಲಿ ಎಷ್ಟೋ ಜನ ತಿರುಗಿ ಬಂದಿದ್ದರು. ಕಡೂರಿನವನು ಎಲ್ಲರಿಗಿಂತ ಮೊದಲೇ ಬಂದು ಕಾಯುತ್ತಿದ್ದ. "ಎಲ್ರೀ ಅವ್ರು? ಬತ್ತೀನಿ ಅಂದಿದ್ರಲ್ಲ" ಎಂದು ಕೇಳಿದ. ನಾನು ಕೀಲಿಮಣೆಯನ್ನು ನಯನಾಳ ಕಡೆಗೆ ಸರಿಸಿದೆ. ಅವರು ತೀರಿಕೊಂಡ ಸುದ್ದಿಯನ್ನು ಅವಳೇ ಬರೆದಳು.