ಕಾಲು ತಾಗಿದ ಮೇಲೆ

ಇವತ್ತು ಬೆಳಿಗ್ಗೆ ಅಕ್ಕಿಆಲೂರಿನಿಂದ ಹಾನಗಲ್ಲಿಗೆ ಹೊರಟ ಬಸ್ಸಿನಲ್ಲಿ ಒಬ್ಬ ಹುಡುಗಿಯ ಕಾಲು ನನ್ನ ಕಾಲಿಗೆ ತಾಗಿತು. ನಿಂತಿದ್ದವಳು ಮೇಲಿನ ಕಂಬಿ ಬಿಟ್ಟು, ಬಗ್ಗಿ, ನನ್ನ ಮೊಣಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅದೇ ಹೊತ್ತಿಗೆ ಡ್ರೈವರ್ ಬ್ರೇಕ್ ಹಾಕಿದ. ಹುಡುಗಿ ನೇರವಾಗಿ ನನ್ನ ತೊಡೆಯ ಮೇಲೆ ಬಂದು ಕುಳಿತಳು. ಬೀಳುವಾಗ ಚಪ್ಪಲಿ ಮತ್ತೆ ತಾಗಿತ್ತು. ಕುಳಿತಲ್ಲಿಂದಲೇ ಇನ್ನೊಂದು ನಮಸ್ಕಾರ ಮಾಡಿದಳು. ನಾನು ಬೈಯಲಿಲ್ಲ. ಈ ವಿಷಯದಲ್ಲಿ ಬೈಯುವ ಅರ್ಹತೆ ನನಗಿಲ್ಲ.

ನಿಮಗೂ ಈ ರೂಢಿ ಇದ್ದೇ ಇರುತ್ತದೆ. ಅರಿಯದೆ ಯಾರಿಗಾದರೂ ಕಾಲು ತಾಗಿದರೆ ಕೈ ತಾನಾಗಿ ಹೋಗಿ ಅವರನ್ನು ಮುಟ್ಟಿ ಕಣ್ಣಿಗೆ ಬರುತ್ತದೆ. ಮನುಷ್ಯರಿಗಷ್ಟೇ ಅಲ್ಲ, ನಾನು ಪುಸ್ತಕಕ್ಕೆ, ಮೊರಕ್ಕೆ, ಅಕ್ಕಿ ಚೀಲಕ್ಕೆ, ಒಮ್ಮೆ ಕಟ್ಟೆಯ ಮೇಲೆ ಮಲಗಿದ್ದ ನಾಯಿಗೂ ಮಾಡಿದ್ದೇನೆ. ನಾಯಿ ಎದ್ದು ಬೇರೆ ಕಡೆ ಹೋಗಿ ಮಲಗಿತು. ಇದರಿಂದ ಯಾರಿಗಾದರೂ ತೊಂದರೆಯಾಗಬಹುದೆಂದು ನನಗೆ ತಿಳಿದದ್ದು, ವಯಸ್ಸಾದವರನ್ನು ನೋಡಿಕೊಳ್ಳುವ ತರಬೇತಿಗೆ ಸೇರಿದ ಮೇಲೆ.

ಸೇರಿದ್ದು ಸಮಾಜಸೇವೆಗೇನೂ ಅಲ್ಲ. ನಮ್ಮ ಅತ್ತೆಗೆ ಬಲಮಗ್ಗಲಿಗೆ ಲಕ್ವಾ ಹೊಡೆದಿತ್ತು. ಮನೆಗೆ ಕಳಿಸುವಾಗ ಡಾಕ್ಟರು, ಮಲಗಿದಲ್ಲೇ ಬಿಡಬೇಡಿ, ಆಗಾಗ ಮಗ್ಗಲು ಬದಲಿಸಿ, ಇಲ್ಲದಿದ್ದರೆ ಬೆನ್ನು ಹುಣ್ಣಾಗಿ ಅದರಿಂದಲೇ ಜೀವ ಹೋದೀತು ಎಂದಿದ್ದರು. ನಮ್ಮ ಮನೆಯವರು ಅಕ್ಕಿ ಗಿರಣಿಯಲ್ಲಿ ದಿನವಿಡೀ ಚೀಲ ಎತ್ತುವವರು. ಆದರೆ ತಾಯಿಯ ಸೀರೆ ಸರಿದೀತೆಂದು ಬಾಗಿಲಲ್ಲಿ ಗೋಡೆಗೆ ಮುಖ ಮಾಡಿ ನಿಂತು, ಹೇಗೆ ಎತ್ತಬೇಕೆಂದು ಗೋಡೆಗೆ ವಿವರಿಸುತ್ತಿದ್ದರು. ನಾನಂತೂ ಮದುವೆಯಾಗಿ ಬಂದಾಗಿನಿಂದ ಅತ್ತೆಯನ್ನು ಮುಟ್ಟಿದ್ದೆಂದರೆ ಹಬ್ಬ ಹುಣ್ಣಿಮೆಗೆ ಪಾದ. ಉಳಿದ ಅತ್ತೆ ನನಗೆ ಪರಿಚಯವಿರಲಿಲ್ಲ.

ತರಬೇತಿ ಕೊಡುತ್ತಿದ್ದವರು ಸವಣೂರಿನ ಮೆಹರುನ್ನಿಸಾ ಅಕ್ಕಾರು, ನಿವೃತ್ತ ನರ್ಸು. ಅವರ ಚೀಲದಲ್ಲಿ ಯಾವಾಗಲೂ ಸವಣೂರು ಖಾರಾದ ಪೊಟ್ಟಣ ಇರುತ್ತಿತ್ತು. ನಾವು ಚೆನ್ನಾಗಿ ಕಲಿತ ದಿನ ಹಂಚಿ ತಿನ್ನುವುದು ಎಂದು ಮಾತಾಗಿತ್ತು. ಬಹಳಷ್ಟು ದಿನ ಪೊಟ್ಟಣ ಬಂದ ಹಾಗೆಯೇ ಸವಣೂರಿಗೆ ಮರಳುತ್ತಿತ್ತು.

ಹಲ್ಲು ತಿಕ್ಕಿಸುವುದು, ಮೈಯೆಲ್ಲ ಹೊದಿಸಿ ಒಂದೊಂದೇ ಭಾಗ ತೆರೆದು ಒರೆಸುವುದು, ಮುಟ್ಟುವ ಮೊದಲು ಹೇಳಿ ಮುಟ್ಟುವುದು, ಇವನ್ನೆಲ್ಲ ಹೇಗೋ ಕಲಿತೆವು. ಮುಗ್ಗರಿಸಿದ್ದು ಮಗ್ಗಲು ಹೊಳ್ಳಿಸುವುದರಲ್ಲಿ. ನಮ್ಮ ಕಡೆಯ ಮಂಚಗಳು ಅಗಲ. ನೆಲದಲ್ಲಿ ನಿಂತರೆ ಕೈ ಎಟುಕುವುದಿಲ್ಲ. ಒಂದು ಮೊಣಕಾಲನ್ನು ಮಂಚದ ಮೇಲೆ ಊರಿ, ಭುಜಕ್ಕೊಂದು ಕೈ, ಸೊಂಟಕ್ಕೊಂದು ಕೈ ಹಾಕಿ ನಮ್ಮ ಕಡೆ ಎಳೆದುಕೊಳ್ಳಬೇಕು. ಮೊಣಕಾಲು ಊರಿದರೆ ಪಾದ ಎಲ್ಲಿಗೆ ಹೋಗಬೇಕು? ಮಲಗಿದವರಿಗೇ ತಾಗುತ್ತದೆ. ತಾಗಿದೊಡನೆ ಕಲಿಯುವವಳು ಎರಡೂ ಕೈ ಬಿಟ್ಟು ನಮಸ್ಕಾರ ಮಾಡುತ್ತಾಳೆ. ಅಷ್ಟರಲ್ಲಿ ಪೇಶಂಟು ಧೊಪ್ಪನೆ ಬಿದ್ದಿರುತ್ತದೆ.

ಮೊದಲು ಕಲಿಯಲು ಒಂದು ಪ್ಲಾಸ್ಟಿಕ್ ಗೊಂಬೆ ಇತ್ತು. ನಾವು ಅದಕ್ಕೂ ನಮಸ್ಕಾರ ಮಾಡಿದೆವು. ಹಗುರ ಗೊಂಬೆ, ಮಂಚದಿಂದ ಜಾರಿ ಜಾರಿ ಬಿದ್ದು ಕೊನೆಗೆ ಅದರ ಕತ್ತು ಮುರಿಯಿತು. ಅಕ್ಕಾರು ಕತ್ತನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳಿದರು: "ಕೈ ಬಿಡಬ್ಯಾಡ್ರಿ. ಏನರ ತಾಗಲಿ, ಕೈ ಬಿಡಬ್ಯಾಡ್ರಿ. ಹೊಳ್ಳಿಸಿ ಮಲಗಿಸಿದ ಮ್ಯಾಲೆ ಎಷ್ಟ ಬೇಕಾದಷ್ಟ ನಮಸ್ಕಾರ ಮಾಡ್ರಿ, ನಾ ಕಾಯ್ತೇನಿ."

ಮನೆಯಲ್ಲಿ ನಾನು ಮಾಡಿದ್ದೂ ಗೊಂಬೆಗೆ ಮಾಡಿದ್ದನ್ನೇ. ಅತ್ತೆಯನ್ನು ಅರ್ಧ ಹೊಳ್ಳಿಸಿದ್ದೆ, ಹೆಬ್ಬೆರಳು ತಾಗಿತು, ಕೈ ಬಿಟ್ಟು ಕಣ್ಣಿಗೊತ್ತಿಕೊಂಡೆ. ಅತ್ತೆ ಹಿಂದಕ್ಕೆ ಬಿದ್ದು, ಉಸಿರು ಸಿಕ್ಕಿಕೊಂಡು, ಕಣ್ಣಲ್ಲಿ ನೀರು ಬಂತು. ಅವರಿಗೆ ಬೇಸರವಾದದ್ದು ಬಿದ್ದದ್ದಕ್ಕೋ ಸೊಸೆಯ ಕಾಲು ತಾಗಿದ್ದಕ್ಕೋ ತಿಳಿಯಲಿಲ್ಲ. ಅವತ್ತಿನಿಂದ ನನ್ನನ್ನು ಹತ್ತಿರ ಬಿಡಲಿಲ್ಲ. ನಾನು ಮೊಣಕಾಲು ಎತ್ತಿದರೆ ಸಾಕು, ಎಡಗೈಯಿಂದ ಮಂಚದ ಪಟ್ಟಿ ಹಿಡಿದುಕೊಳ್ಳುತ್ತಿದ್ದರು. ಕೆಲವೇ ದಿನಗಳಲ್ಲಿ ಬೆನ್ನ ಕೆಳಗೆ ಚರ್ಮ ಕೆಂಪಾಯಿತು. ಒತ್ತಿದರೂ ಆ ಕೆಂಪು ಹೋಗಲಿಲ್ಲ. ಹಾಗೆ ಹೋಗದಿದ್ದರೆ ಅದು ಹುಣ್ಣಿನ ಆರಂಭ ಎಂದು ಅಕ್ಕಾರು ಹೇಳಿಕೊಟ್ಟಿದ್ದರು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಅತ್ತೆ ಸತ್ತರೆ ನನ್ನ ಭಕ್ತಿಯಿಂದಲೇ ಸತ್ತ ಹಾಗೆ.

ಮರುದಿನ ಮಧ್ಯಾಹ್ನ ಅವರಿಗೆ ಅಂಬಲಿ ಕುಡಿಸಿ, ಬಾಯಿ ಒರೆಸಿ, ಹೇಳಿಯೇ ಮುಟ್ಟಿದೆ. "ಅತ್ತೀ, ಹೊಳ್ಳಸಾಕತ್ತೇನ್ರಿ. ಈ ಸಲ ಕೈ ಬಿಡಂಗಿಲ್ರಿ." ಅವರು ಒಂದೊಂದೇ ಬೆರಳು ಸಡಿಲಿಸಿ ಪಟ್ಟಿ ಬಿಟ್ಟರು. ಭುಜ, ಸೊಂಟ ಹಿಡಿದೆ, ಎಳೆದೆ. ಅರ್ಧಕ್ಕೆ ಬಂದಾಗ ನನ್ನ ಪಾದ ಅವರ ಮೀನಖಂಡಕ್ಕೆ ತಾಗಿತು.

ತಾಗಿದ್ದು ಲಕ್ವಾ ಹೊಡೆದ ಕಾಲಿಗೆ. ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ಗೊತ್ತಾದದ್ದು ನಾನು ಗಕ್ಕನೆ ನಿಂತದ್ದರಿಂದ. ಕೈ ಬಿಡುವಂತಿಲ್ಲ, ಮುಂದಕ್ಕೆ ಎಳೆಯಲೂ ಮನಸ್ಸು ಬರುತ್ತಿಲ್ಲ. ಅತ್ತೆಯ ಮೈಭಾರವೆಲ್ಲ ನನ್ನ ತೋಳಿನ ಮೇಲಿತ್ತು. ಆಗ ಅವರ ಎಡಗೈ ಮೇಲೆದ್ದಿತು. ಎಡಗೈಯಿಂದ ಯಾರಿಗೂ ಒಂದು ಲೋಟ ನೀರು ಕೊಟ್ಟವರಲ್ಲ ನಮ್ಮ ಅತ್ತೆ. ಆ ಕೈ ನಿಧಾನಕ್ಕೆ ಅವರದೇ ತೊಡೆಯನ್ನು ಮುಟ್ಟಿ, ಅಲ್ಲಿಂದ ಮೇಲೆ ಬಂದು ನನ್ನ ಒಂದು ಕಣ್ಣನ್ನು ಮುಟ್ಟಿತು, ಆಮೇಲೆ ಇನ್ನೊಂದನ್ನು.

"ಆತಲ್ಲ," ಎಂದರು, ತೊದಲುತ್ತ. "ಹೊಳ್ಳಸಿನ್ನ."

ಹೊಳ್ಳಿಸಿದೆ. ಬೆನ್ನಿಗೆ ದಿಂಬು ಕೊಟ್ಟು, ಅಡುಗೆಮನೆಗೆ ಹೋಗಿ ಒಂದಷ್ಟು ಹೊತ್ತು ಅತ್ತುಬಿಟ್ಟೆ. ಆ ಕೆಂಪು ಮಾಯಿತು. ಆಮೇಲೆಯೂ ಅವರು ಬಹಳ ದಿನ ಇದ್ದರು, ದಿನವೂ ನನ್ನ ಕಾಲು ತಾಗುತ್ತಿತ್ತು, ದಿನವೂ ಆ ಕೈ ಏಳುತ್ತಿತ್ತು. ಹೋದ ವರ್ಷ ನಿದ್ದೆಯಲ್ಲೇ ತೀರಿಕೊಂಡರು. ಸ್ನಾನ ಮಾಡಿಸಲು ಬಂದ ಹೆಂಗಸರು ಬೆನ್ನಿನಲ್ಲಿ ಒಂದು ಗೆರೆಯೂ ಇಲ್ಲವೆಂದು ಮಾತಾಡಿಕೊಂಡರು. ನನ್ನ ಜೀವನದಲ್ಲಿ ನಾನು ಜಂಬ ಪಡುವ ಸಂಗತಿ ಅದೊಂದೇ.

ಇವತ್ತು ಬಸ್ಸಿನಲ್ಲಿ ಹೊರಟದ್ದೂ ಅಕ್ಕಾರ ಕ್ಲಾಸಿಗೇ. ಹೊಸ ಗೊಂಬೆ ಇನ್ನೂ ಬಂದಿಲ್ಲ. ಅದರ ಜಾಗದಲ್ಲಿ ಈಗ ನಾನು ಲಕ್ವಾ ಹೊಡೆದ ಪೇಶಂಟಾಗಿ ಮಲಗುತ್ತೇನೆ. ಕತ್ತು ಇನ್ನೂ ಗಟ್ಟಿ ಇದೆ. ಬಸ್ಸಿನ ಹುಡುಗಿಯೂ ಅಲ್ಲಿಗೇ ಬಂದಳು. ಚಿಕ್ಕೇರೂರಿನವಳಂತೆ, ಅಕ್ಕಿಆಲೂರಿನ ಚಿಕ್ಕಮ್ಮನ ಮನೆಯಲ್ಲಿದ್ದು ಕಲಿಯುತ್ತಾಳಂತೆ. ಮೊಣಕಾಲು ಊರಿ, ಹೇಳಿ, ಹಿಡಿದು, ನನ್ನನ್ನು ಎಳೆದಳು. ಅರ್ಧಕ್ಕೆ ಪಾದ ತಾಗಿತು. ಅವಳ ಬೆರಳು ಸಡಿಲವಾಗುವುದು ನನ್ನ ಭುಜಕ್ಕೆ ತಿಳಿಯಿತು. ನಾನು ಯೋಚಿಸಲೇ ಇಲ್ಲ. ನನ್ನ ಬಲಗೈ ನನ್ನದೇ ತೊಡೆಯನ್ನು ಮುಟ್ಟಿ ಅವಳ ಕಣ್ಣಿಗೆ ಹೋಯಿತು.

"ಆತಲ್ಲವ್ವಾ. ಹೊಳ್ಳಸಿನ್ನ," ಎಂದೆ.

ಹಿಂದಿನಿಂದ ಅಕ್ಕಾರ ದನಿ ಕೇಳಿತು. "ನಿಮ್ಮ ಬಲಗೈಗೆ ಇವತ್ತ ಲಕ್ವಾ ಹೊಡದೈತ್ರಿ. ಎತ್ತಬ್ಯಾಡ್ರಿ."

ತಪ್ಪಾಯಿತೆಂದು ಕೈ ಕೆಳಗಿಟ್ಟೆ. ಹುಡುಗಿ ಕೈ ಬಿಟ್ಟಿರಲಿಲ್ಲ.