ಕನ್ನಡಿಗೆ ಹಚ್ಚಿದ ಕಾಡಿಗೆ

ನನ್ನ ಮೊಮ್ಮಗಳು ಗೆದ್ದಳು! ಬೆಳಗಾವಿಯ ವಿಜ್ಞಾನ ಸ್ಪರ್ಧೆಯಲ್ಲಿ ಮೊದಲ ಬಹುಮಾನ! ವಾಪಸ್ ಬರುವಾಗ ಬಸ್ಸಿನಲ್ಲಿ ಕೂತವರಿಗೆಲ್ಲ ಹೇಳಿದೆ. ಪಾರಿಶ್ವಾಡದಲ್ಲಿ ಇಳಿದು, ಬಾಗಿಲಲ್ಲಿ ಕಟ್ಟಿದ್ದ ನಮ್ಮ ಎಮ್ಮೆಗೂ ಹೇಳಿದೆ. ಈಗ ನಿಮಗೆ.

ನಾನು ಓದಿದ್ದು ಮೂರನೇ ಇಯತ್ತೆ. ಬೆಳಕು ಬೆಳಗಾದರೆ ಬರುತ್ತದೆ, ಕರೆಂಟು ಹೋದರೆ ಹೋಗುತ್ತದೆ, ಇಷ್ಟೇ ನನಗೆ ಗೊತ್ತಿದ್ದದ್ದು. ಈ ಹುಡುಗಿ ಬಂದು, ಬೆಳಕು ಕನ್ನಡಿಗೆ ಬಡಿದರೆ ತಿರುಗುತ್ತದೆ, ನೀರಿಗೆ ಇಳಿದರೆ ಬಾಗುತ್ತದೆ, ಬಾಗುವಾಗ ಏಳು ಬಣ್ಣವಾಗಿ ಒಡೆಯುತ್ತದೆ ಎಂದಳು. ನಮ್ಮನ್ನು ನಂಬಿಸಲು ಅಜ್ಜನ ಕೋಲನ್ನು ಬಕೆಟ್ಟಿನ ನೀರಲ್ಲಿ ಇಳಿಬಿಟ್ಟಳು. ಕೋಲು ಮುರಿದಂತೆ ಕಂಡಿತು. ನಮ್ಮ ಮನೆಯವರು ಹೊರಗೆ ತೆಗೆದು ನೋಡಿದರೆ ನೆಟ್ಟಗಿದೆ. ಆದರೂ ಅದರ ಮೇಲೆ ಭಾರ ಹಾಕಲು ಒಲ್ಲೆ ಎಂದರು. "ಒಮ್ಮೆ ಮುರಿಯೂ ಮನಸ್ಸು ಮಾಡೇತಿ. ಇನ್ನ ನಂಬೂದು ಹ್ಯಾಂಗ?"

ಅವಳ ಪ್ರಯೋಗ ಇಷ್ಟೇ: ಟ್ರೇನಲ್ಲಿ ನೀರು, ನೀರಲ್ಲಿ ಓರೆಯಾಗಿ ಕನ್ನಡಿ. ಬಿಸಿಲು ಬಿದ್ದರೆ ಗೋಡೆಯ ಮೇಲೆ ಕಾಮನಬಿಲ್ಲು ಮೂಡಬೇಕು. ಮೂಡುತ್ತಿದ್ದದ್ದು ಬಿಳಿ ಪಟ್ಟೆ. ಒಂದು ಅಂಚಿಗೆ ಕೆಂಪು, ಇನ್ನೊಂದಕ್ಕೆ ನೀಲಿ. ಏಳು ಬಣ್ಣ ಬಾರದಿದ್ದರೆ ಬಹುಮಾನವಿಲ್ಲ ಎಂದು ಸ್ಪರ್ಧೆಯ ಹಿಂದಿನ ಸಂಜೆ ಹುಡುಗಿ ಊಟದ ತಟ್ಟೆ ಸರಿಸಿ ಎದ್ದುಹೋದಳು.

ಮರುದಿನ ಬೆಳಗಾವಿ ಬಸ್ಸಿನಲ್ಲಿ ಕನ್ನಡಿ ನನ್ನ ತೊಡೆಯ ಮೇಲಿತ್ತು. ಅವಳು ಕಿಟಕಿಗೆ ಒರಗಿ ನಿದ್ದೆ ಹೋದಳು. ಕನ್ನಡಿಯ ಬಿಸಿಲು ಹಾರಿ ಕಂಡಕ್ಟರನ ಹಣೆಯ ಮೇಲೆ ಕೂತಿತು. ಅವನು ಒರೆಸಿಕೊಂಡ, ಬಿಸಿಲು ಹೋಗಲಿಲ್ಲ.

"ಆಯಿ, ಹೆಣ್ಮಕ್ಕಳಿಗೆ ಫ್ರೀ ಐತಿ, ಖರೇ. ಆದ್ರ ಸೂರ್ಯಾ ಗಂಡಸ. ಅವನ ಟಿಕೆಟ್ ಯಾರ ತೆಗಸ್ತಾರ?"

ಎಲ್ಲರೂ ನಕ್ಕರು. ಮುಂದಿನ ಸೀಟಿನವಳು ತಿರುಗಿ, "ಏನ್ ಚಂದ ಐತಿ ಕನ್ನಡಿ!" ಎಂದಳು. ಚಂದ ಎಂದ ಮೇಲೆ ಕರಿ ಬೊಟ್ಟು ಇಡದಿದ್ದರೆ ದೃಷ್ಟಿ ತಗಲುವುದಿಲ್ಲವೇ? ಎಲೆಯಡಿಕೆ ಚೀಲದಿಂದ ಕಾಡಿಗೆ ಡಬ್ಬಿ ತೆಗೆದು ಮೂಲೆಗೆ ಒಂದು ಬೊಟ್ಟು ಇಟ್ಟೆ. ಹಿಂದಿನಿಂದ ಯಾರೋ "ಭಾರಿ ಐತಿ" ಎಂದರು, ಮತ್ತೊಂದು. ಒಬ್ಬ ಅದರಲ್ಲೇ ತಲೆ ಬಾಚಿಕೊಂಡು ಹೊಗಳಿದ, ಅವನಿಗೆ ದೊಡ್ಡದು. ಬಸ್ಸು ತುಂಬಿದಂತೆ ಹೊಗಳುವವರೂ ಹೆಚ್ಚಿದರು.

ಬೆಳಗಾವಿ ಬಂದಾಗ ಹುಡುಗಿ ಕಣ್ಣು ಬಿಟ್ಟಳು.

"ಆಯೀ! ಏನ್ ಮಾಡೀದಿ ಇದನ್ನ?"

"ಮಂದಿ ಚಂದ ಅಂದ್ರ ನಾ ಏನ್ ಮಾಡ್ಲಿ?"

ಸ್ಪರ್ಧೆಯ ಕೋಣೆಯಲ್ಲಿ ಹೆಗಲ ಮೇಲಿನ ಓಢಣಿಯಿಂದ ಒರೆಸಿದಳು. ಹರಳೆಣ್ಣೆಯ ಕಾಡಿಗೆ, ಹೋಗುತ್ತದೆಯೇ? ಇನ್ನಷ್ಟು ಹರಡಿತು. ಸಿಟ್ಟಿನಿಂದ ಬೆರಳು ಒತ್ತಿ ಎಳೆದಾಗ ನಡುವೆ ಒಂದೇ ಪಟ್ಟಿ, ಬೆರಳಿನಷ್ಟು ಅಗಲ, ಸ್ವಚ್ಛವಾಯಿತು. ಅಷ್ಟರಲ್ಲಿ ಅವಳ ಸರದಿ ಕೂಗಿದರು. ಅಳುತ್ತಲೇ ಕನ್ನಡಿಯನ್ನು ನೀರಲ್ಲಿ ಇಟ್ಟಳು. ಕಿಟಕಿಯ ಬಿಸಿಲು ಬಿತ್ತು.

ಗೋಡೆಯ ಮೇಲೆ ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ಕಡುನೀಲಿ, ನೇರಳೆ! ನಡುವೆ ಬಿಳಿಯ ಸುಳಿವೇ ಇಲ್ಲ. ನಾನು ಕುರ್ಚಿಯ ಮೇಲೆ ಹತ್ತಿ ಚಪ್ಪಾಳೆ ಹೊಡೆದೆ.

ಪರೀಕ್ಷೆ ಮಾಡುವ ಸರ್ ಬಗ್ಗಿ ನೋಡಿ ಕೇಳಿದರು: "ಕನ್ನಡಿಗೆ ಕರಿ ಯಾಕ ಹಚ್ಚೀದಿ ತಂಗಿ?"

ಹುಡುಗಿ ಗೋಡೆ ನೋಡಿದಳು, ಕನ್ನಡಿ ನೋಡಿದಳು, ಮೂಗು ಒರೆಸಿಕೊಂಡಳು. "ಅಗಲ ಕನ್ನಡಿ ಇದ್ರ ಬಣ್ಣ ಒಂದರ ಮ್ಯಾಲ ಒಂದ ಬಿದ್ದು ತಿರುಗಿ ಬಿಳೇದ ಆಗ್ತಾವ್ರಿ ಸರ್. ಸಣ್ಣ ಪಟ್ಟಿ ಬಿಟ್ರ ಬ್ಯಾರೆ ಬ್ಯಾರೆ ಕಾಣಸ್ತಾವು. ಈಗ ತಿಳೀತ್ರಿ. ಆದ್ರ ಕರಿ ಹಚ್ಚಿದಾಕಿ ನಾನಲ್ರಿ, ನಮ್ಮ ಆಯಿ."

"ಯಾಕ್ರಿ ಆಯಿ?"

"ದೃಷ್ಟಿ ಆಗಬಾರದಂತ್ರಿ."

ಸರ್ ಚಷ್ಮಾ ತೆಗೆದು ಕಣ್ಣು ಒರೆಸಿಕೊಂಡು ನಕ್ಕರು. "ಭಾಳ ಚಂದ ಆಗೇತಿ," ಎಂದರು. ನನ್ನ ಕೈ ಚೀಲಕ್ಕೆ ಹೋಯಿತು. ಹುಡುಗಿ ಹಿಡಿದುಕೊಂಡಳು.

ವಾಪಸ್ ಹೊರಡುವ ಮೊದಲು ಬೆಳಗಾವಿಯ ರವಿವಾರ ಪೇಟೆಯಲ್ಲಿ ಕಡಲೆಬೇಳೆ, ಬೆಲ್ಲ ಕೊಂಡು ತಂದೆವು. ಓಣಿಯವರೆಲ್ಲ ಬಂದು ಹೊಗಳಿದ್ದರಿಂದ ಬಹುಮಾನವಾಗಿ ಕೊಟ್ಟಿದ್ದ ಹೊಳೆಯುವ ಕಪ್ ಕತ್ತಲಾಗುವ ಮೊದಲೇ ಕರ್ರಗಾಗಿತ್ತು. ಎಮ್ಮೆಗೂ ಬೊಟ್ಟು ಇಟ್ಟೆ, ಅದು ಕಾಣಲಿಲ್ಲ ಅಷ್ಟೇ. ಸಂಜೆ ಮಗ, ಸೊಸೆ, ಮೊಮ್ಮಗಳು, ನಾವಿಬ್ಬರು, ಎಲ್ಲರೂ ಗಲ್ಲಕ್ಕೊಂದು ಬೊಟ್ಟು ಇಟ್ಟುಕೊಂಡು ಸಾಲಾಗಿ ಕೂತು ಹೋಳಿಗೆ ಉಂಡೆವು. ಮನೆಯವರು ಕೋಲನ್ನು ನೀರಿನ ಕೊಡದಿಂದ ದೂರ ಇಟ್ಟುಕೊಂಡಿದ್ದರು. ಹುಡುಗಿ ತಟ್ಟೆ ಮುಂದೆ ಸರಿಸಿ ಇನ್ನೊಂದು ಹೋಳಿಗೆ ಕೇಳಿದಳು. ನಾನು ತುಪ್ಪ ಸುರಿದೆ.